ಮೊಣಕಾಲ ಮೇಲಿನ ಪೇಟ

ಗುರುಸಿದ್ದಪ್ಪ ಮಾವನ ಎಡ ಮೊಣಕಾಲು ಕೊಳ್ಳೇಗಾಲ, ಹನೂರು, ಯಳಂದೂರುಗಳ ದೊಡ್ಡ ಮನುಷ್ಯರಿಗೆಲ್ಲ ತಲೆಯಾಗಿತ್ತು. ಎಲ್ಲೇ ಸನ್ಮಾನವಾಗಲಿ, ಮೈಸೂರು ಪೇಟ ಅವರೇ ಕಟ್ಟಬೇಕು. ಸನ್ಮಾನವಾಗುವವರ ಹಣೆಯ ಸುತ್ತ ರೇಷ್ಮೆ ನೂಲು ಹಿಡಿದು, ಅಳತೆಗೆ ಒಂದು ಗಂಟು ಹಾಕಿಕೊಂಡು ಬರುವರು. ಆಮೇಲೆ ಜಗುಲಿಯ ಮೇಲೆ ಕೂತು, ಮಡಿಸಿದ ಮೊಣಕಾಲಿಗೆ ಹಳೇ ಬಟ್ಟೆ ಸುತ್ತಿ ಅದನ್ನು ಆ ಅಳತೆಗೆ ತಂದು, ಅದರ ಮೇಲೆ ಜರಿಯಂಚಿನ ರೇಷ್ಮೆ ಸುತ್ತುವರು. ನಮ್ಮದು ಪಕ್ಕದ ಮನೆ. ನಾನು ಬೆಳೆದದ್ದೇ ಇದನ್ನು ನೋಡುತ್ತ.

ಮಾವ ಕೂರುತ್ತಿದ್ದುದು ಪೇಟ ಕಟ್ಟುವಾಗ ಮಾತ್ರ. ಮಿಕ್ಕ ಹೊತ್ತೆಲ್ಲ ಕಾಲಿಗೆ ಚಕ್ರ ಕಟ್ಟಿಕೊಂಡವರ ಹಾಗೆ ಬೀದಿಯಲ್ಲೇ ಓಡಾಟ. ಅತ್ತೆ ಮುದ್ದೆಯ ತಟ್ಟೆ ಹಿಡಿದು ಹಿಂದೆ ಹಿಂದೆ ಹೋಗಬೇಕಿತ್ತು. ಬಾಯಿಯೂ ಸುಮ್ಮನಿರುತ್ತಿರಲಿಲ್ಲ. "ಈ ವಯ್ಯನ ತಲೆಗೆ ಎಷ್ಟ್ ಸುತ್ತಿದ್ರೂ ನಿಲ್ಲಕಿಲ್ಲ ಕಣವ್ವ, ಒಳ್ಗೆ ಏನಾರ ಇದ್ರಲ್ವಾ" ಎಂದು ಯಾರದೋ ಪೇಟ ಕಟ್ಟುತ್ತಲೇ ಅವರ ಮಾನ ಕಳೆಯುತ್ತಿದ್ದರು.

ಚಿಕ್ಕವಳಿದ್ದಾಗ ನನಗೂ ಒಂದು ಕಟ್ಟಿಕೊಡಿ ಎಂದು ಪೀಡಿಸಿದ್ದೆ. "ಪೇಟ ಬೇಡಿ ಇಸ್ಕಳದಲ್ಲ ಕಣ್ ಕೂಸೆ. ಜನ ಕರ್ದು ಮಡಗ್ಬೇಕು. ಆವತ್ತು ನಾನೇ ಸುತ್ತೀನಿ, ಓಗು" ಎಂದಿದ್ದರು.

ಮನುಷ್ಯರು ಚಂದ್ರನ ಮೇಲೆ ಇಳಿದ ಸುದ್ದಿ ಬಂದಾಗ ಮಾವ ಪೇಪರ್ ಹಿಡಿದುಕೊಂಡು ಓಡಿ ಬಂದರು. "ಇವ್ರಿಗೇನ್ ಕೊಟ್ರಂತವ್ವ?" ಪದಕ ಕೊಡುತ್ತಾರೆ ಎಂದೆ. "ಪದ್ಕ ಎದೆಗಾಯ್ತು. ತಲೆಗೆ?" ಚಿತ್ರವನ್ನು ಹತ್ತಿರ ಹಿಡಿದು, ದೂರ ಹಿಡಿದು ನೋಡಿದರು. "ಈ ಗಾಜಿನ್ ಬುರ್‍ಡೆ ತೆಗ್ಸದೆ ಅಳ್ತೆ ಹೆಂಗ್ ತಕಳದು?" ಯಾರೋ ನಾಳೆಯೇ ಪೇಟ ಕೇಳಿದ್ದಾರೆ ಎನ್ನುವಂಥ ಚಿಂತೆ ಅವರಿಗೆ.

ಎಪ್ಪತ್ತೈದರಲ್ಲಿ ನಮ್ಮ ದೇಶದ ಮೊದಲ ಉಪಗ್ರಹ ಹಾರಿತು. ಅದರೊಳಗಿನ ತಂತಿಗಳಿಗೆ ಬೆಂಗಳೂರಿನಲ್ಲಿ ಬೆಸುಗೆ ಹಾಕಿದವರಲ್ಲಿ ನಾನೂ ಒಬ್ಬಳು. ನಮ್ಮಮ್ಮ ರೇಷ್ಮೆ ನೂಲು ಬಿಚ್ಚುವವಳು. ಕಡಿದ ಎಳೆಯನ್ನು ಹಿಡಿದು ಸೇರಿಸುವ ಅವಳ ಬೆರಳೇ ನನಗೂ ಬಂದಿತ್ತು. ಕೊಳ್ಳೇಗಾಲದ ಸಂಘವೊಂದು ನನಗೂ ಯಳಂದೂರಿನ ಒಬ್ಬ ಎಂಜಿನಿಯರರಿಗೂ 'ಬಾಹ್ಯಾಕಾಶ ಸಾಧಕ' ಎಂಬ ಪ್ರಶಸ್ತಿ ಗೊತ್ತುಮಾಡಿತು. ನಾನು ಊರಿಗೆ ಬಂದು ಚೀಲ ಇಳಿಸುವ ಮೊದಲೇ ಮಾವ ನೂಲು ಹಿಡಿದು ನಿಂತಿದ್ದರು. ಹಣೆಗೆ ಸುತ್ತಿ, ಒಂದಲ್ಲ ಎರಡು ಸಲ ಅಳೆದು ಗಂಟು ಹಾಕಿಕೊಂಡರು.

ಸನ್ಮಾನದ ಹಿಂದಿನ ದಿನ ಸಂಘದ ಅಧ್ಯಕ್ಷರು ತಕರಾರು ತೆಗೆದರು. "ಹೆಣ್ಮಕ್ಕಳಿಗೆ ಪೇಟ ಯಾಕ್ರೀ? ಹೂವು, ಕುಪ್ಪಸದ ಕಣ ಕೊಟ್ರಾಯ್ತು. ಆ ಪೇಟ ನನಗಿರ್‍ಲಿ, ಫೋಟೋದಲ್ಲಿ ಚೆನ್ನಾಗಿರ್‍ತದೆ." ಮಾವ ಕೂಡಲೇ ಅಧ್ಯಕ್ಷರ ತಲೆಗೂ ನೂಲು ಹಿಡಿದರು. ನನಗೆ ಮೈಯೆಲ್ಲ ಉರಿಯಿತು. ಈ ಮಾವನೂ ಅವರ ಕಡೆಯೇ ಆದರಲ್ಲ!

"ನಾನ್ ಬರಕಿಲ್ಲ, ಆ ಕಣ ಅವ್ರೇ ತೊಟ್ಕಳ್ಲಿ" ಎಂದೆ.

"ಸುಮ್ನೆ ಬಾರವ್ವ" ಎಂದರು ಮಾವ, ಅಷ್ಟೇ.

ವೇದಿಕೆಯ ಮೇಲೆ ನನಗೆ ಮುಳ್ಳಿನ ಮೇಲೆ ಕೂತ ಹಾಗಾಗಿತ್ತು. ಮಡಿಲಲ್ಲಿ ಕಣ, ಕೈಯಲ್ಲಿ ಹಾರ. ಮಾವ ಪಕ್ಕದ ಪರದೆಯ ಹತ್ತಿರ ಅತ್ತಿಂದಿತ್ತ ಶತಪಥ ಹಾಕುತ್ತಿದ್ದರು. ಎಂಜಿನಿಯರರ ತಲೆಗೆ ಪೇಟ ಅಚ್ಚುಕಟ್ಟಾಗಿ ಕೂತಿತು. ಅಧ್ಯಕ್ಷರದು ನೆತ್ತಿಯ ಮೇಲೆ ಸುಮ್ಮನೆ ಏರಿ ಕೂತಿತ್ತು. ಅವರು ಮೈಕಿಗೆ ಬಗ್ಗಿದರೆ ಬಿತ್ತು. ಎತ್ತಿಟ್ಟುಕೊಂಡು ಮತ್ತೆ ಬಗ್ಗಿದರು, ಮತ್ತೆ ಬಿತ್ತು. ಜನ ಬಿದ್ದು ಬಿದ್ದು ನಕ್ಕರು.

"ಏನ್ರೀ ಗುರುಸಿದ್ದಪ್ಪ, ಅಳತೆ ತಪ್ಪಿದ್ದೀರಲ್ರೀ!"

ಮಾವ ಬಂದು ಪೇಟ ಎತ್ತಿಕೊಂಡರು. "ಅಳ್ತೆ ಸರಿಯಾಗೇ ಅದೆ ಸಾ. ತಲೆ ಬ್ಯಾರೆಯವ್ರದು."

ಮೈಕಿನಲ್ಲಿ ಅದು ಇಡೀ ಸಭೆಗೆ ಕೇಳಿಸಿತು. ಮಾವ ನೇರ ನನ್ನ ಹತ್ತಿರ ಬಂದು, ಜಡೆಯ ಮಲ್ಲಿಗೆ ನಲುಗದ ಹಾಗೆ ಪೇಟವನ್ನು ಇಳಿಸಿದರು. ಕೂದಲೆಳೆಯಷ್ಟೂ ಸಡಿಲವಿರಲಿಲ್ಲ. ಮೊದಲು ಚಪ್ಪಾಳೆ ತಟ್ಟಿದವರು ಎಂಜಿನಿಯರರು. ನನಗೆ ಅಳು ತಡೆಯಲಾಗಲಿಲ್ಲ.

ಅದಾದ ಮೇಲೆ ಯಾರೂ ಮಾವನನ್ನು ಕರೆಯಲಿಲ್ಲ. ಅಧ್ಯಕ್ಷರು ಮೂರೂ ಊರುಗಳಲ್ಲಿ ಹೇಳಿಟ್ಟಿದ್ದರು. ಪೇಟಗಳು ಮೈಸೂರಿನಿಂದ ಕಟ್ಟಿಸಿಕೊಂಡೇ ಬರತೊಡಗಿದವು. ಮುಂದಿನ ಸಲ ರಜೆಗೆ ಬಂದಾಗ ಮಾವ ಜಗುಲಿಯ ಮೇಲೆ ಕೂತಿದ್ದರು, ಮೊಣಕಾಲ ಮೇಲೆ ಏನೂ ಇಲ್ಲದೆ. ಅವರನ್ನು ಹಾಗೆ ನಾನು ಎಂದೂ ಕಂಡಿರಲಿಲ್ಲ.

"ಕುಂತ್ಬುಟ್ರಲ್ಲ ಮಾವ?"

"ಎದ್ದು ಎಲ್ಲಿಗ್ ಓಗನವ್ವ" ಎಂದು ನಕ್ಕರು. ನನ್ನಿಂದ ಹೀಗಾಯಿತಲ್ಲ ಎಂದಾಗ ಕೈ ಕೊಡವಿಬಿಟ್ಟರು. "ಥೂ, ಬುಡತ್ಲಾಗೆ! ಅಷ್ಟ್ ವರ್ಸ ಯಾರ್‍ಯಾರ್ ತಲೆನೋ ಹೊತ್ತಿತ್ತು ಈ ಮೊಣ್ಕಾಲು. ಅದೆಲ್ಲಿ ನಿನ್ ಪೇಟ?"

"ಬೆಂಗ್ಳೂರಲ್ಲಿ ಬೀರಿನ ಮ್ಯಾಲೆ ಅದೆ. ಒಂಚೂರು ಸಡ್ಲ ಆಗ್ಬುಟ್ಟದೆ."

ಅವರ ಮುಖವೇ ಬೇರೆಯಾಯಿತು. ಎದ್ದು ನಿಂತರು, ಅಂಗಳದಲ್ಲಿ ಎರಡು ಸುತ್ತು ಬಂದರು. "ತಕಂಬಾ, ಬಿಗಿ ಮಾಡ್ಕೊಡ್ತೀನಿ. ಮರೀಬ್ಯಾಡ. ನಿನ್ ಅಳ್ತೆ ನೂಲ ಹಂಗೇ ಮಡಗಿವ್ನಿ."

ಮರೆಯಲಿಲ್ಲ. ಮುಂದಿನ ಸಲ ಪೇಟವನ್ನು ಬಸ್ಸಿನಲ್ಲಿ ದಾರಿಯುದ್ದಕ್ಕೂ ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಜಗುಲಿ ಖಾಲಿಯಿತ್ತು. ಮಾವ ತೀರಿಹೋಗಿ ತಿಂಗಳಾಗಿತ್ತು, ನನಗೆ ಸುದ್ದಿ ಮುಟ್ಟಿರಲಿಲ್ಲ. ಅತ್ತೆ ಒಳಗಿನಿಂದ ಗಂಟು ಹಾಕಿದ ನೂಲೊಂದನ್ನು ತಂದು ನನ್ನ ಅಂಗೈಯಲ್ಲಿಟ್ಟರು. "ನೀ ಬತ್ತೀಯಾ ಅಂತ ಜೋಬಲ್ಲೇ ಮಡಿಕ್ಕಂಡಿದ್ರು" ಎಂದರು.

ಪೇಟ ಕಟ್ಟುವವರು ಮೈಸೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ನನ್ನದು ಇವತ್ತಿಗೂ ಸಡಿಲವಾಗಿಯೇ ಇದೆ.