ಅತ್ತೆ ಸುಕ್ಕಣ್ಣನನ್ನು ಕೆಲಸದಿಂದ ತೆಗೆದದ್ದು

ನಮ್ಮಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ಮೂವತ್ತು ವರ್ಷ ಒಂದೇ ಕಟ್ಟಡದಲ್ಲಿ ಬಟ್ಟೆ ಒಗೆಸಿದಳು. ಮನೆಬಟ್ಟೆಯಲ್ಲ, ಆಸ್ಪತ್ರೆಗಳ ಹಾಸಿಗೆ ಹೊದಿಕೆ, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ನಿಲುವಂಗಿ. ದಿನಕ್ಕೆ ನಾಲ್ಕು ಲಾರಿ ಕೊಳೆಬಟ್ಟೆ ಬರುತ್ತಿತ್ತು, ನಾಲ್ಕು ಲಾರಿ ಮಡಿಬಟ್ಟೆ ಹೋಗುತ್ತಿತ್ತು. ಮಡಚುವ ಮೇಜಿಗೆ ಸೇರಿದವಳು ಒಗೆಯುವ ಯಂತ್ರ, ಹಿಂಡುವ ಯಂತ್ರ, ಇಸ್ತ್ರಿ ಎಲ್ಲ ದಾಟಿಕೊಂಡು ಮೇಲ್ವಿಚಾರಕಿಯಾದಳು. ಕೆಲಸದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು, ಅವಳಿಗಿಂತ ಹಿರಿಯರೂ.

"ನಿಮ್ಮತ್ತೆಗೆ ಲೋಕದಲ್ಲಿರೋದು ಎರಡೇ ರಾಶಿ," ಎನ್ನುತ್ತಿದ್ದರು ಮಾವ. ಅವರು ಬಸ್ಸು ಓಡಿಸಿ ನಿವೃತ್ತರಾದವರು. "ಒಗೆದದ್ದು ಒಂದು, ಒಗೀಬೇಕಾದ್ದು ಒಂದು. ಮದುವೆಯಾಗಿ ಇಷ್ಟು ವರ್ಷ ಆಯ್ತು, ನಾನಿನ್ನೂ ಎರಡನೇ ರಾಶೀಲೇ ಬಿದ್ದಿದ್ದೀನಿ."

ಅಲ್ಲಿ ಇಸ್ತ್ರಿಯ ರೋಲರ್ ನಡೆಸುತ್ತಿದ್ದವನಿಗೆ ಸುಕ್ಕಣ್ಣ ಎಂದು ಹೆಸರಿಟ್ಟವಳು ಅತ್ತೆಯೇ. ಬಟ್ಟೆಯಲ್ಲಿ ಒಂದು ಸುಕ್ಕು ಕಂಡರೆ ಆ ಮನುಷ್ಯನಿಗೆ ಊಟ ಸೇರುತ್ತಿರಲಿಲ್ಲ. ಎದುರಿಗೆ ನಿಂತವರ ಕಾಲರನ್ನು ಮಾತಾಡುತ್ತಾಡುತ್ತಲೇ ತೀಡಿ ನೇರ ಮಾಡಿಬಿಡುತ್ತಿದ್ದ. ಒಮ್ಮೆ ತಪಾಸಣೆಗೆ ಬಂದ ದೊಡ್ಡ ಆಸ್ಪತ್ರೆಯ ಅಧಿಕಾರಿಯ ಕಾಲರಿಗೂ ಕೈ ಹಾಕಿದ್ದನಂತೆ. ಆ ಅಧಿಕಾರಿ ತಬ್ಬಿಬ್ಬಾಗಿ ಥ್ಯಾಂಕ್ಸ್ ಹೇಳಿ ಹೋದರಂತೆ. ಅತ್ತೆಗಿಂತ ಐದಾರು ವರ್ಷ ಚಿಕ್ಕವನು. ಕಡಿಮೆ ಮಾತು, ಚೊಕ್ಕ ಕೆಲಸ. ಹದಿನೆಂಟು ವರ್ಷದಲ್ಲಿ ಒಂದು ದಿನ ತಡವಾಗಿ ಬಂದವನಲ್ಲ.

ಅವನ ರೋಲರ್ ಎಂದರೆ ಮೈಗೆ ದಪ್ಪ ಬಟ್ಟೆ ಸುತ್ತಿದ ಆಳುದ್ದದ ಉರುಳೆ. ಕೆಳಗೆ ಕಾದ ಉಕ್ಕಿನ ತೊಟ್ಟಿಲು, ಅದರೊಳಗೆ ಉರುಳೆ ತಿರುಗುತ್ತಿರುತ್ತದೆ. ಇಬ್ಬರು ಎದುರಿಗೆ ನಿಂತು ಒದ್ದೆ ಹೊದಿಕೆಯ ಎರಡು ಮೂಲೆ ಹಿಡಿದು ಒಳಗೆ ಬಿಡಬೇಕು. ಉರುಳೆಯ ಮುಂದೆ, ಬೆರಳಿನ ಎತ್ತರಕ್ಕೆ, ಒಂದು ತೆಳ್ಳನೆಯ ಕಬ್ಬಿಣದ ಪಟ್ಟಿ. ಕೈ ತಾಗಿದರೆ ಸಾಕು, ಪಟ್ಟಿ ಹಿಂದಕ್ಕೆ ಸರಿದು ಯಂತ್ರ ನಿಂತುಬಿಡುತ್ತದೆ. ಕೈ ಕಾಯುವ ಪಟ್ಟಿ ಅದು. ಆದರೆ ಅದಕ್ಕೆ ಕೈ ಯಾವುದು, ಮುದ್ದೆಯಾದ ಬಟ್ಟೆ ಯಾವುದು ತಿಳಿಯದು. ದಪ್ಪ ಹೊಲಿಗೆ ಬಂದರೂ ನಿಲ್ಲುತ್ತದೆ. ಮತ್ತೆ ಚಾಲೂ ಮಾಡಿ, ಕಾವು ಬರುವವರೆಗೆ ಕಾದು, ಹಾಗೇ ಸಮಯ ಹೋಗುತ್ತದೆ.

ಸುಕ್ಕಣ್ಣ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿದ್ದಾಗ ಪಕ್ಕದ ಬೀದಿಯ ಇನ್ನೊಂದು ಲಾಂಡ್ರಿಯ ಬಾಯ್ಲರ್ ಕೆಟ್ಟು, ಅವರ ಬಟ್ಟೆಯೂ ಇವರ ತಲೆಗೇ ಬಂತು. ಗೋಡೆ ಎತ್ತರಕ್ಕೆ ಒದ್ದೆ ರಾಶಿ. ರೋಲರ್ ಮಾತ್ರ ಹೆಜ್ಜೆ ಹೆಜ್ಜೆಗೂ ನಿಲ್ಲುತ್ತಿತ್ತು. ಅತ್ತೆ ಆಗಿನ್ನೂ ಇಸ್ತ್ರಿ ವಿಭಾಗದ ಹಿರಿಯ ಕೆಲಸಗಾರ್ತಿ. ಹಳೆಯ ಹೊದಿಕೆಯ ಅಂಚನ್ನು ಹರಿದು, ಅದರಿಂದ ಆ ಕಬ್ಬಿಣದ ಪಟ್ಟಿಯನ್ನು ಅಲುಗಾಡದಂತೆ ಚೌಕಟ್ಟಿನ ಕೊಕ್ಕೆಗೆ ಬಿಗಿದು ಸುಕ್ಕಣ್ಣನಿಗೆ ತೋರಿಸಿದಳು.

"ನೋಡು, ಹೀಗೆ ಕುಣಿಕೆ ಹಾಕು. ಯಾರಾದ್ರೂ ಬಂದ್ರೆ ಈ ತುದಿ ಎಳಿ, ತಾನಾಗೇ ಬಿಚ್ಕೊಳ್ಳುತ್ತೆ."

"ಅಕ್ಕಾ, ಕೈಗೆ ಏನಾದ್ರೂ ಆದ್ರೆ?"

"ನೀನೇನು ಎಳೇ ಮಗುನಾ?"

ಮೂರು ದಿನದ ಬಟ್ಟೆ ಒಂದೂವರೆ ದಿನದಲ್ಲಿ ಮುಗಿಯಿತು. ಆ ಸಲದ ಕೆಲಸ ನೋಡಿಯೇ ಯಜಮಾನರು ಅತ್ತೆಯನ್ನು ಮೇಲ್ವಿಚಾರಕಿ ಮಾಡಿದ್ದು. ಆಮೇಲೂ ಕೆಲಸ ಹೆಚ್ಚಿದ ದಿನ ಸುಕ್ಕಣ್ಣ ಆ ಕುಣಿಕೆ ಹಾಕುತ್ತಿದ್ದ. ಅತ್ತೆ ಕಂಡೂ ಕಾಣದವಳಂತೆ ಲಾರಿ ಕಡೆಗೆ ಹೊರಟುಬಿಡುತ್ತಿದ್ದಳು. ಹದಿನಾಲ್ಕು ವರ್ಷ ಏನೂ ಆಗಲಿಲ್ಲ.

ಆಗಿದ್ದು ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ. ಸುಕ್ಕಣ್ಣನ ಎದುರು ಮೂಲೆ ಹಿಡಿಯುತ್ತಿದ್ದವಳು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಹೆಂಗಸು. ಬಾಯಿಗೆ ಬಿಡುವೇ ಇಲ್ಲದ್ದರಿಂದ ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಹೊದಿಕೆಯ ಮೂಲೆ ಮಡಚಿಕೊಂಡಿತೆಂದು ಅವಳು ಎಡಗೈ ಚಾಚಿದಳು. ಪಟ್ಟಿ ಸರಿಯಲಿಲ್ಲ. ಯಂತ್ರ ನಿಲ್ಲಲಿಲ್ಲ. ಬೆರಳುಗಳು ಬಟ್ಟೆಯ ಜೊತೆಗೆ ಒಳಗೆ ಹೋದವು. ಸುಕ್ಕಣ್ಣ ಕೆಂಪು ಗುಂಡಿ ಗುದ್ದಿ, ಉರುಳೆಯನ್ನು ಹಿಂದಕ್ಕೆ ತಿರುಗಿಸಿ, ಕೈ ಬಿಡಿಸಿದ.

ಅತ್ತೆ ಓಡಿ ಬರುವಷ್ಟರಲ್ಲಿ ರೇಡಿಯೋ ನೆಲದ ಮೇಲೆ ಕೂತಿದ್ದಳು, ಕೈ ನೀರಿನ ಬಕೀಟಿನಲ್ಲಿ. ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಸುಕ್ಕಣ್ಣ ಕುಣಿಕೆಯ ತುದಿ ಎಳೆದು ಬಟ್ಟೆಚೂರನ್ನು ಬಿಚ್ಚಿ, ಎಲ್ಲರ ಎದುರಿಗೆ ಅತ್ತೆಯ ಕೈಗೆ ಕೊಟ್ಟ.

"ಇದು ಕಟ್ಟಿತ್ತು ಅಕ್ಕಾ. ನಾನೇ ಕಟ್ಟಿದ್ದು."

ಯಜಮಾನರು ಹಾಸಿಗೆ ಹಿಡಿದ ಮೇಲೆ ಅವರ ಮಗಳು ವ್ಯವಹಾರ ನೋಡಿಕೊಳ್ಳುತ್ತಿದ್ದಳು. ಎಲ್ಲರ ಬಾಯಲ್ಲೂ ಚಿಕ್ಕ ಯಜಮಾನಿ. ಮಾತು ಒರಟಲ್ಲ, ನ್ಯಾಯ ಬಿಟ್ಟು ನಡೆಯುವವಳೂ ಅಲ್ಲ. ಅತ್ತೆಯನ್ನು ಕರೆಸಿ ಹೇಳಿದಳು: "ನಂಗೆ ಆ ರೋಲರಿನ ಹಿಂದು ಮುಂದು ಗೊತ್ತಿಲ್ಲ. ನಿಯಮದ ಪ್ರಕಾರ ಕೆಲಸದಿಂದ ತೆಗೀಬಹುದು. ಆದ್ರೆ ಹದಿನೆಂಟು ವರ್ಷ ದುಡಿದೋರು. ಎಚ್ಚರಿಕೆ ಸಾಕಾ, ಕೆಲವು ದಿನ ಮನೇಲಿ ಕೂರಿಸಿದ್ರೆ ಸಾಕಾ, ಪೂರ್ತಿ ತೆಗೀಬೇಕಾ, ನೀವೇ ವಿಚಾರಣೆ ಮಾಡಿ ಬರೆದುಕೊಡಿ. ನೀವು ಬರೆದಿದ್ದಕ್ಕೆ ನಾನು ಸಹಿ ಹಾಕ್ತೀನಿ."

ವಿಚಾರಣೆ ನಡೆದದ್ದು ಆಫೀಸಿನ ಪಕ್ಕದ ಚಿಕ್ಕ ಕೋಣೆಯಲ್ಲಿ. ಗೋಡೆಯಾಚೆ ಹಿಂಡುವ ಯಂತ್ರದ ಗುಡುಗು, ಮೇಜಿನ ಮೇಲಿನ ನೀರಿನ ಲೋಟ ಸಣ್ಣಗೆ ನಡುಗುತ್ತಿತ್ತು. ಚಿಕ್ಕ ಯಜಮಾನಿ ಕಿಟಕಿ ಪಕ್ಕ ಕೂತಿದ್ದಳು. ಅಚ್ಚಾದ ನಮೂನೆಯಲ್ಲಿದ್ದ ಪ್ರಶ್ನೆಗಳನ್ನು ಅತ್ತೆ ಒಂದೊಂದಾಗಿ ಓದಿದಳು.

"ಪಟ್ಟಿ ಕಟ್ಟಬಾರದು ಅಂತ ಗೊತ್ತಿತ್ತಾ?"

"ಗೊತ್ತಿತ್ತು."

"ಎಷ್ಟು ದಿನದಿಂದ ಕಟ್ತಿದ್ದೀರಿ?"

"ತುಂಬಾ ವರ್ಷದಿಂದ."

ಮುಂದಿನ ಪ್ರಶ್ನೆ ಬಂದಾಗ ಅತ್ತೆ ಲೋಟದ ನೀರು ಕುಡಿದಳು. ಹಾಳೆಯಿಂದ ಕಣ್ಣೆತ್ತದೆ ಓದಿದಳು. "ಇದನ್ನ ನಿಮಗೆ ಯಾರಾದ್ರೂ ಹೇಳಿಕೊಟ್ಟಿದ್ರಾ?"

ಸುಕ್ಕಣ್ಣ ತನ್ನ ಅಂಗಿಯ ತೋಳಿನ ಸುಕ್ಕೊಂದನ್ನು ತೀಡಿ ನೇರ ಮಾಡಿದ. "ಯಾರೂ ಇಲ್ಲ. ನನ್ನ ತಲೆಗೇ ಹೊಳೀತು."

ಅತ್ತೆ ಬರೆದುಕೊಂಡಳು. 'ಯಾರೂ ಇಲ್ಲ.' ಅಕ್ಷರ ಮುತ್ತಿನಂತೆ ಬಂದಿತ್ತೆಂದು ಆಮೇಲೆ ನನಗೆ ಹೇಳಿದಳು. "ಕೈ ಒಂಚೂರೂ ನಡುಗ್ಲಿಲ್ಲ ಕಣೇ."

ಮರುದಿನ ಮಧ್ಯಾಹ್ನ ಅವಳು ಆಸ್ಪತ್ರೆಗೆ ಹೋದಳು. ರೇಡಿಯೋ ಮಲಗಿದ್ದು ಅತ್ತೆಯ ಕೈಯಲ್ಲೇ ಎಷ್ಟೋ ಸಲ ಹಾದುಹೋದ ನೀಲಿ ಅಂಚಿನ ಹೊದಿಕೆಯ ಮೇಲೆ. ಬೆರಳು ಉಳಿದಿವೆ, ಎರಡು ಮಡಚಲು ಬರುವುದಿಲ್ಲ ಎಂದಿದ್ದರು ಡಾಕ್ಟರು. ಅತ್ತೆ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕಿಕೊಂಡು ಹೋಗಿದ್ದಳು. ಇವಳೇ 'ಪಾಪ, ಅವರನ್ನ ಕಳಿಸ್ಬೇಡಿ' ಎಂದುಬಿಟ್ಟರೆ ಎಚ್ಚರಿಕೆ ಬರೆದು ಕೈ ತೊಳೆದುಕೊಳ್ಳಬಹುದು. ಎಲ್ಲರಿಗೂ ಒಳ್ಳೆಯದು.

ರೇಡಿಯೋ ಹಾಗನ್ನಲಿಲ್ಲ.

"ನಾನು ಅವರ ಪರ ಮಾತಾಡ್ತೀನಿ ಅಂತ ಬಂದ್ರಾ ಅಕ್ಕಾ? ಆಡಲ್ಲ. ಒಳ್ಳೇ ಮನುಷ್ಯನೇ ಇರ್ಬಹುದು. ನನ್ನ ಕೈ ನೋಡಿ." ಆಮೇಲೆ ಕೇಳಿದಳು: "ನೀವು ದಿನಕ್ಕೆ ಹತ್ತು ಸಲ ಆ ಕಡೆ ಓಡಾಡ್ತೀರಲ್ಲ, ಅದು ಕಟ್ಟಿರೋದು ನಿಮಗೆ ಗೊತ್ತೇ ಇರ್ಲಿಲ್ವಾ?"

"ಇಲ್ಲಮ್ಮಾ," ಎಂದಳು ಅತ್ತೆ. "ಗೊತ್ತಿರ್ಲಿಲ್ಲ."

ರೇಡಿಯೋ ನಂಬಿದಳು. ಅತ್ತೆಯ ಕೈ ಹಿಡಿದುಕೊಂಡು, "ಹಾಗಾದ್ರೆ ನಿಮಗೂ ಮೋಸ ಮಾಡಿದ್ರು ಬಿಡಿ," ಎಂದಳು.

ಆ ಸಂಜೆಯೇ ಅತ್ತೆ ನಮೂನೆಯ ಮೂರನೇ ಚೌಕಕ್ಕೆ ಗುರುತು ಹಾಕಿದಳು: ಕೆಲಸದಿಂದ ತೆಗೆಯುವುದು. ಯಾಕೆ ಎಂದು ನಾನು ಒಮ್ಮೆ ಕೇಳಿದೆ. ಇನ್ನೊಬ್ಬರಿಗೆ ಪಾಠವಾಗಲಿ ಎಂದೋ, ನಿಯಮ ನಿಯಮವೇ ಎಂದೋ ಹೇಳಬಹುದಿತ್ತು. ಅವಳು ಹಾಗೆ ಹೇಳಲಿಲ್ಲ. "ಅವನು ನನ್ನ ಕಣ್ಣೆದುರಿಗೆ ಇರಬಾರದು ಅನ್ನಿಸ್ತು. ದಿನಾ ಅವನ ಮುಖ ನೋಡ್ಕೊಂಡು ಹೇಗಿರೋದು? ಅದೇ ನಿಜ. ಉಳಿದಿದ್ದೆಲ್ಲ ಹಾಳೆ ತುಂಬಿಸೋಕೆ ಬರೆದಿದ್ದು."

ಪತ್ರ ಕೊಟ್ಟಾಗ ಸುಕ್ಕಣ್ಣ ಓದಿ, ಸಹಿ ಮಾಡಿ, ಏಪ್ರನ್ ಬಿಚ್ಚಿ ಮಡಚಿ ಮೇಜಿನ ಮೇಲಿಟ್ಟ. ಬಾಗಿಲ ತನಕ ಹೋದವನು ತಿರುಗಿ, "ಉರುಳೆಯ ಎಡಗಡೆ ಬಟ್ಟೆ ಸವೆದಿದೆ ಅಕ್ಕಾ, ಹೊಸಬರು ಬರೋ ಮುಂಚೆ ಬದಲಾಯಿಸ್ಬಿಡಿ," ಎಂದ. ಅಂಗಳ ದಾಟಿ, ನಿಂತಿದ್ದ ಲಾರಿಯ ಹಿಂದೆ ಮರೆಯಾದ.

ಚಿಕ್ಕ ಯಜಮಾನಿ ಎಲ್ಲರನ್ನೂ ಸೇರಿಸಿ, ಹದಿನೆಂಟು ವರ್ಷದ ಜೊತೆಗಾರನೆಂದೂ ನೋಡದೆ ಅಕ್ಕ ನ್ಯಾಯ ಮಾಡಿದರು ಎಂದು ಹೊಗಳಿದಳು. ಕೆಲಸದವರು ಚಪ್ಪಾಳೆ ತಟ್ಟಿದರು. ಅತ್ತೆ ತಲೆ ತಗ್ಗಿಸಿ ನಿಂತಳು. ಎಷ್ಟು ವಿನಯ ಎಂದುಕೊಂಡರು ನೋಡಿದವರು.

ಆಮೇಲೆ ಹನ್ನೊಂದು ದಿನ ಹೇಗೆ ಕಳೆದಳೋ ಅವಳಿಗೇ ಗೊತ್ತು. ರೋಲರಿಗೆ ಹೊಸಬ ಬಂದ. ಪಟ್ಟಿಗೆ ಬಟ್ಟೆ ತಾಗಿ ಯಂತ್ರ ಆಗಾಗ ನಿಲ್ಲುತ್ತಿತ್ತು, ನಿಂತಾಗಲೆಲ್ಲ ಅವಳು ಆ ಕಡೆ ತಿರುಗಿ ನೋಡುತ್ತಿದ್ದಳು. ಮನೆಯಲ್ಲಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಮಾವ ಅದಕ್ಕೂ ಒಂದು ತಮಾಷೆ ಮಾಡಿ, ಇವಳು ನಗದೇ ಇದ್ದಾಗ ತಟ್ಟೆ ಸರಿಸಿ ಕೇಳಿದರು.

"ಏನಾಗಿದೆ ನಿಂಗೆ? ಹೇಳೋದಿದ್ರೆ ಹೇಳು. ಇಲ್ಲಾಂದ್ರೆ ನನ್ ಜೋಕಿಗಾದ್ರೂ ನಗು. ಎರಡೂ ಮಾಡ್ದೆ ಹೀಗೆ ಕೂತ್ರೆ ನಾನೇನ್ ಮಾಡ್ಲಿ?"

ಅವಳು ಹೇಳಿದಳು. ಕುಣಿಕೆ, ನಮೂನೆ, ಆಸ್ಪತ್ರೆ, ಎಲ್ಲವನ್ನೂ. ಮಾವ ಸಮಾಧಾನ ಮಾಡುತ್ತಾರೆಂದು ಕಾದಳು. ಅವರು ಲೋಟದ ನೀರು ಮುಗಿಸಿ ಹೇಳಿದ್ದು ಇಷ್ಟೇ: "ಗುದ್ದಿದ ಮೇಲೆ ಗಾಡಿ ನಿಲ್ಲಿಸ್ದೆ ಹೋಗೋ ಡ್ರೈವರುಗಳ ಸುದ್ದಿ ಪೇಪರಲ್ಲಿ ಬಂದಾಗೆಲ್ಲ, ನೀನು ಅವರನ್ನ ಏನೇನು ಬೈತಿದ್ದೆ ನೆನಪಿದೆಯಾ?"

ಮರುದಿನ ಅವಳು ಚಿಕ್ಕ ಯಜಮಾನಿಯ ಎದುರು ನಿಂತು ಎಲ್ಲ ಒಪ್ಪಿಕೊಂಡಳು.

"ನಾನು ಅಲ್ಲೇ ಕೂತಿದ್ದೆ," ಎಂದಳು ಯಜಮಾನಿ. "ಆ ಪ್ರಶ್ನೆ ಕೇಳಿದಾಗ ನಾನು ನಿಮ್ಮನ್ನೇ ನೋಡ್ತಿದ್ದೆ. ಏನೂ ಗೊತ್ತಾಗ್ಲಿಲ್ಲ. ಎರಡು ವರ್ಷದಲ್ಲಿ ನಿವೃತ್ತಿ ನಿಮಗೆ. ಈಗ್ಯಾಕೆ ಹೇಳ್ತಿದ್ದೀರಿ?"

"ನನ್ನ ಕೈಲಿ ಆಗ್ತಿಲ್ಲ."

"ನಿಮ್ಮ ಕೈಲಿ ಆಗದ್ದಕ್ಕೆ ಹೇಳ್ತಿದ್ದೀರಿ. ಅವರಿಗೆ ಅನ್ಯಾಯ ಆಯ್ತು ಅಂತಲ್ಲ."

ಯಜಮಾನಿ ಅದೇ ಅಚ್ಚಿನ ನಮೂನೆಯ ಒಂದು ಖಾಲಿ ಪ್ರತಿ ಮುಂದಿಟ್ಟಳು. ಅತ್ತೆ ತನ್ನ ಹೆಸರು ಬರೆದು, ಪ್ರಶ್ನೆಗಳಿಗೆ ತಾನೇ ಉತ್ತರ ತುಂಬಿದಳು. ಎರಡು ದಿನಕ್ಕೆ ತೀರ್ಮಾನವಾಯಿತು. ಅತ್ತೆಯ ಮೇಲ್ವಿಚಾರಣೆ ಹೋಯಿತು. ಬೇಕಿದ್ದರೆ ಮಡಚುವ ಮೇಜಿನಲ್ಲಿ ಕೆಲಸ ಮಾಡಬಹುದು. ಸುಕ್ಕಣ್ಣನ ಶಿಕ್ಷೆ ಒಂದು ತಿಂಗಳ ಅಮಾನತಿಗೆ ಇಳಿಯಿತು. ಅದು ಮುಗಿದ ಮೇಲೆ ಅವನು ಬರಬಹುದು.

ರೇಡಿಯೋಗೆ ವಿಷಯ ಬೇರೆಯವರಿಂದ ಗೊತ್ತಾಗುವ ಮುಂಚೆ ಅತ್ತೆ ಅವಳ ಮನೆಗೆ ಹೋದಳು. ರೇಡಿಯೋ ಒಂದು ಕೈಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು.

"ಆವತ್ತು ಗೊತ್ತಿಲ್ಲ ಅಂದ್ರಿ."

"ಹೂಂ."

"ಈ ಕೈ ನೋಡ್ತಾ ನೋಡ್ತಾನೇ ಅಂದ್ರಿ."

"ಹೂಂ."

"ಹೋಗಿ ಅಕ್ಕಾ. ಗೇಟು ಹಾಕ್ಕೊಂಡು ಹೋಗಿ, ನಂಗೆ ಚಿಲಕ ಹಾಕೋಕಾಗಲ್ಲ."

ಮುಂದೆ ರೇಡಿಯೋ ಲಾರಿಗಳ ಲೆಕ್ಕ ಬರೆಯುವ ಕೆಲಸಕ್ಕೆ ಮರಳಿ ಬಂದಳು. ಎಲ್ಲರ ಜೊತೆ ಹರಟಿದಳು. ಅತ್ತೆಯ ಜೊತೆ ಕೆಲಸಕ್ಕೆ ಬೇಕಾದಷ್ಟು ಮಾತ್ರ ಮಾತು, ಅದೂ ಮುಖ ಕೊಟ್ಟಲ್ಲ. ಅತ್ತೆ ಎರಡು ವರ್ಷ ಮಡಚುವ ಮೇಜಿನಲ್ಲೇ ನಿಂತು ನಿವೃತ್ತಳಾದಳು. ಬಿಟ್ಟುಬಿಡಬಹುದಿತ್ತಲ್ಲ ಎಂದರೆ, "ಬಿಟ್ರೆ ತಪ್ಪಿಸ್ಕೊಂಡ ಹಾಗಾಗ್ತಿತ್ತು. ನಿಂತ್ರೆ ಏನಾಗುತ್ತೆ ಅಂತ ಕೇಳ್ಬೇಡ, ಅದೂ ಗೊತ್ತಿಲ್ಲ," ಎನ್ನುತ್ತಾಳೆ.

ತೀರ್ಮಾನವಾದಾಗಲೇ, ಸುಕ್ಕಣ್ಣನಿಗೆ ಬರೆದ ಹೊಸ ಪತ್ರವನ್ನು ತಾನೇ ಕೊಂಡೊಯ್ಯುತ್ತೇನೆಂದು ಕೇಳಿ ಪಡೆದಿದ್ದಳು. ಅವನು ಒಂದು ದರ್ಜಿ ಅಂಗಡಿಯ ಹಿಂದಿನ ಕೋಣೆಯಲ್ಲಿ, ಕೈ ಇಸ್ತ್ರಿ ಹಿಡಿದು, ಹೊಸ ಪ್ಯಾಂಟುಗಳಿಗೆ ಗೆರೆ ಕೂರಿಸುತ್ತಿದ್ದ. ಪತ್ರ ಓದಿ ವಾಪಸು ಕೊಟ್ಟ.

"ಬರಲ್ಲ ಅಕ್ಕಾ. ನಿಮ್ಮ ಮೇಲಿನ ಸಿಟ್ಟಿಗಲ್ಲ. ಕಲಿಸಿದ್ದು ನೀವು, ಆವತ್ತು ಕಟ್ಟಿದ್ದು ನಾನು. ಆ ಯಂತ್ರದ ಮುಂದೆ ಇನ್ನು ನಿಲ್ಲೋಕಾಗಲ್ಲ ನನ್ ಕೈಲಿ."

"ನನ್ನ ಹೆಸರು ಯಾಕೆ ಹೇಳ್ಲಿಲ್ಲ ನೀನು?"

ಅವನು ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿದ. "ಪ್ರಶ್ನೆ ಕೇಳುವಾಗ ನೀವು ತಲೆ ಎತ್ಲೇ ಇಲ್ಲ. ಹೇಳಿದ್ರೆ ಬರೀತಾರಾ, ಇಲ್ವಾ ಅಂತ ಯೋಚ್ನೆ ಬಂತು. ಆಮೇಲೆ, ಅದು ನಂಗೆ ಗೊತ್ತಾಗೋದೇ ಬೇಡ ಅನ್ನಿಸ್ತು." ಅವಳ ಕಡೆ ತಿರುಗಿ ಕೇಳಿದ: "ಬರೀತಿದ್ರಾ?"

ಹೊರಗೆ ಹೊಲಿಗೆ ಯಂತ್ರ ಒಂದೇ ಸಮ ಓಡುತ್ತಿತ್ತು. ಅತ್ತೆ ಈ ಸಲ ಅವನ ಮುಖ ನೋಡಿದಳು.

"ಇಲ್ಲ," ಎಂದಳು. "ಬರೀತಿರ್ಲಿಲ್ಲ."

ಸುಕ್ಕಣ್ಣ ತಲೆಯಾಡಿಸಿದ, ಸಿಟ್ಟಿಲ್ಲದೆ, ಆಶ್ಚರ್ಯವೂ ಇಲ್ಲದೆ. ಮೂಲೆಯಲ್ಲಿದ್ದ ಸ್ಟೂಲನ್ನು ಅವಳ ಕಡೆಗೆ ಸರಿಸಿ, ಇನ್ನೊಂದು ಪ್ಯಾಂಟನ್ನು ಮೇಜಿನ ಮೇಲೆ ಹಾಸಿಕೊಂಡ. ಅತ್ತೆ ಕೂರಲಿಲ್ಲ. ಹೊರಡಲೂ ಇಲ್ಲ. ಅಂಗಡಿಯವರು ಬಂದು, "ಏನು ಬೇಕಿತ್ತಮ್ಮಾ?" ಎಂದು ಕೇಳುವವರೆಗೂ ಅಲ್ಲೇ ನಿಂತಿದ್ದಳು.