ತೆಪ್ಪದ ಮೇಲೆ ಒಂದು ಕೈ

ನಂಬದವರು ಪೋತ್ನಾಳದ ನನ್ನ ಮೊಮ್ಮಗಳು ಸುಜಾತಾಳನ್ನೇ ಕೇಳಬಹುದು. ಅವಳು ಹೇಳುವುದೇ ಬೇರೆ, ನಾನು ಹೇಳುವುದೇ ಬೇರೆ. ಇಬ್ಬರೂ ಕೂತು ಕಟ್ಟಿದ ಕಥೆಯಾಗಿದ್ದರೆ ಎರಡೂ ಒಂದೇ ಆಗಿರುತ್ತಿತ್ತಲ್ಲ? ಆಗುವುದಿಲ್ಲ... ಅದೇ ನನ್ನ ಎದೆ ಒತ್ತುವುದು.

ಮೊದಲು ಸಂತೋಷದ ಮಾತು ಹೇಳಿಬಿಡುತ್ತೇನೆ, ತಡೆದುಕೊಳ್ಳಲಾರೆ. ನನ್ನ ಸುಜಾತಾ ಪಾಸಾದಳು! ಕೃಷಿ ಓದಿ ಡಿಗ್ರಿ ತಗೊಂಡಳು! ನಮ್ಮ ಮನೆತನದಲ್ಲಿ ಎಲ್ಲರೂ ಮಂದಿಯ ಹೊಲದಲ್ಲಿ ಕಳೆ ಕಿತ್ತವರೇ. ಆ ಹೊಲಕ್ಕೆ ಯಾವ ಗೊಬ್ಬರ ಬೇಕು ಅಂತ ಹೇಳುವವಳು ಇವಳೊಬ್ಬಳೇ. ಓಣಿಗೆಲ್ಲ ಸಕ್ಕರೆ ಹಂಚಿದೆ. ಸಕ್ಕರೆ ಮುಗಿದ ಮೇಲೂ ಖಾಲಿ ಡಬ್ಬಿ ಹಿಡಿದು ಇನ್ನೂ ಕೆಲವು ಮನೆ ತಿರುಗಿದೆನಂತೆ, ಸೊಸೆ ಈಗಲೂ ಆಡಿಕೊಂಡು ನಗುತ್ತಾಳೆ. ನಗಲಿ.

ಆ ಓದಿನಲ್ಲಿ ಅರ್ಧ ವರ್ಷ ಹಳ್ಳಿಯಲ್ಲಿದ್ದು ಕಲಿಯುವುದು ಅಂತ ಒಂದಿತ್ತು. ರಾಯಚೂರಿನ ಕಾಲೇಜಿನಲ್ಲಿ ಚೀಟಿ ಎತ್ತಿಸಿದರು. ಹುಡುಗರಿಗೆಲ್ಲ ಬಸ್ಸು ಹೋಗುವ ಊರುಗಳು ಬಂದವು. ಇವಳ ಚೀಟಿಗೆ ಬಂದದ್ದು ದೇವದುರ್ಗ ಕಡೆಯ ಒಂದು ನಡುಗಡ್ಡೆ. ನಾಲ್ಕೂ ಕಡೆ ಕೃಷ್ಣಾ ಹೊಳೆ, ನಡುವೆ ಒಂದಿಷ್ಟು ಮನೆ, ಭತ್ತ, ಶೇಂಗಾ. ಬೇರೆ ಊರು ಕೊಡುತ್ತೇನೆ ಅಂದರಂತೆ ಮೇಷ್ಟ್ರು. ಇವಳು ಒಪ್ಪಲಿಲ್ಲ. ಹಾಗಾದರೆ ಮನೆಯ ಹಿರಿಯರೊಬ್ಬರು ಜತೆಗಿರಬೇಕು ಅಂದರು.

ಆ ಹಿರಿಯರು ಯಾರು? ನಾನೇ! ಹುಟ್ಟಿದಾಗಿನಿಂದ ಶಾಲೆಯ ಒಳಗೆ ಕಾಲಿಡದ ನಾನು, ಕಾಲೇಜಿನ ಓದಿಗೆ ಹೊರಟೆ.

ಗಬ್ಬೂರು ದಾಟಿ ಬಸ್ಸಿಳಿದು, ಟ್ರ್ಯಾಕ್ಟರ್ ಹತ್ತಿ, ಆಮೇಲೆ ನಡೆದು ಹೊಳೆಯ ದಂಡೆ ಮುಟ್ಟಿದೆವು. ಬಿದಿರಿನ ದೊಡ್ಡ ಬುಟ್ಟಿಯ ಹಾಗಿರುವ ತೆಪ್ಪ ಬಂತು, ಹೊರಗೆ ತೊಗಲು, ಅದರ ಮೇಲೆ ಡಾಂಬರು. ನಾನು ಕಣ್ಣು ಮುಚ್ಚಿ ಕೂತೆ. ತೆಪ್ಪ ಹಾಕುವ ತಿಮ್ಮಪ್ಪ ನಕ್ಕ.

"ಕಣ್ಣು ತಗಿ ಯವ್ವಾ. ನೀ ಕಣ್ಣು ಮುಚ್ಚಿದ್ರ ಹೊಳಿ ಏನು ಸಣ್ಣದಾಗ್ತದ?"

ಅವನ ಮನೆಯ ಪಡಸಾಲೆಯಲ್ಲೇ ನಮ್ಮ ಬಿಡಾರ. ಅವನ ಹೆಂಡತಿ ನರಸಮ್ಮ ಒಂದು ಒಲೆ ಬಿಟ್ಟುಕೊಟ್ಟಳು. ಬೆಳಗಾದರೆ ಸುಜಾತಾ ಹೊಲಕ್ಕೆ ಹೊರಡುವಳು. ಮಣ್ಣು ತುಂಬಿಕೊಳ್ಳುವುದು, ಎಲೆ ಮಗುಚಿ ಹುಳ ನೋಡುವುದು, ರೈತರನ್ನು ಮಾತಾಡಿಸುವುದು.

"ಭತ್ತ ಬೆಳಿಯೋದು ಕಲಿಯಾಕ ಕಾಲೇಜು ಬೇಕೇನವ್ವಾ?" ಅಂತ ಹೊಲದವರು ಕೆಣಕಿದರೆ, "ಕಾಕಾ, ನಿನ್ನ ಭತ್ತ ನೋಡಿದ್ರ ನಿನಗೂ ಒಂದ್ ಸೀಟು ಕೊಡಿಸ್ಬೇಕು ಅನಿಸ್ತದ" ಅನ್ನುವಳು. ನಾನು ರೊಟ್ಟಿ ಬಡಿದು, ಪುಂಡಿಪಲ್ಲೆ ಮಾಡಿ, ಬುತ್ತಿ ಹೊತ್ತು ಅವಳ ಹಿಂದೆ ಹೋಗುತ್ತಿದ್ದೆ. ಸಂಜೆ ಕಂದೀಲಿನ ಬೆಳಕಲ್ಲಿ ಅವಳು ತನ್ನ ಓದು ಓದಿ, ಆಮೇಲೆ ನನ್ನ ಕೈ ಹಿಡಿದು ಅಕ್ಷರ ಬರೆಸುವಳು. ಇದನ್ನು ನಾನೇ ಬರೆಯುತ್ತಿದ್ದೇನೆ ಅಂದರೆ ಅದು ಆ ಪಡಸಾಲೆಯ ಪುಣ್ಯ.

ಆ ಊರಲ್ಲಿ ಒಂದು ರೂಢಿ ಇತ್ತು. ದೀಪ ಹಚ್ಚುವ ಹೊತ್ತಿಗೆ ತೆಪ್ಪವನ್ನು ಮೇಲೆಳೆದು ಬೋರಲು ಹಾಕುತ್ತಿದ್ದರು. ನಾವು ಬಾಗಿಲು ಹಾಕಿದಿರಾ ಅಂತ ಕೇಳುವಂತೆ ಅಲ್ಲಿಯವರು "ತೆಪ್ಪ ಬೋರಲು ಹಾಕಿದ್ರಾ?" ಅಂತ ಕೇಳುವರು. ಯಾರಾದರೂ ಆಚೆಯಿಂದ ಬರುವುದಿದ್ದರೆ ಮಾತ್ರ ಅಂಗಾತ ಬಿಡಬಹುದು. ಹಾಗೆ ಬಿಟ್ಟರೆ, ಕಾಯುವವರು ಪಕ್ಕದಲ್ಲಿ ಕೂತು ಅದರ ಅಂಚಿನ ಮೇಲೆ ಒಂದು ಕೈ ಇಟ್ಟಿರಬೇಕು.

"ಯಾಕಪ್ಪ?" ಅಂತ ಒಮ್ಮೆ ಕೇಳಿದ್ದೆ.

"ಕತ್ತಲಾಗ ಖಾಲಿ ತೆಪ್ಪ ಬಾಯಿ ತಕ್ಕೊಂಡಿರಬಾರದು ಯವ್ವಾ. ಯಾರರ ಹತ್ತಿ ಕುಂದ್ರತಾರ."

"ಯಾರು?"

ತಿಮ್ಮಪ್ಪ ಬೀಡಿ ಹಚ್ಚಿದ. ಅಷ್ಟೇ.

ಮಳೆಗಾಲದ ಕೊನೆ. ಸುಜಾತಾ ತಾನು ಮಾಡಿದ ಕೆಲಸ ತೋರಿಸಲು ಬೆಳಗ್ಗೆಯೇ ರಾಯಚೂರಿಗೆ ಹೋದಳು. "ಸಂಜಿಗೆ ಬಂದೇ ಬರ್ತೀನಿ ಯವ್ವಾ, ದಂಡಿಗೆ ಬಂದು ಕೂಗ್ತೀನಿ" ಅಂದಿದ್ದಳು. ಮಧ್ಯಾಹ್ನದ ಹೊತ್ತಿಗೆ ಹೊಳೆಯ ಬಣ್ಣ ಬದಲಾಯಿತು. ಕೆಂಪು ನೀರು, ನೊರೆ, ಕಸ. ಮೇಲುಗಡೆ ಆಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ ಅಂದರು. ಅವತ್ತೇ ತಿಮ್ಮಪ್ಪನಿಗೆ ಚಳಿಜ್ವರ. ಸಂಜೆ ಕಂಬಳಿ ಹೊದ್ದು, ನಡುಗುತ್ತಾ ದಂಡೆಗೆ ಬಂದ.

"ಆಕಿ ಇವತ್ತು ಬರಂಗಿಲ್ಲ ಯವ್ವಾ. ಅಲ್ಲೇ ಹಾಸ್ಟೆಲ್ನಾಗ ಉಳದಿರ್ತಾಳ. ಬೋರಲು ಹಾಕ್ತೀನಿ."

"ಹಾಕಬ್ಯಾಡಪ್ಪಾ! ಬರ್ತೀನಿ ಅಂದಾಳ, ಬರ್ತಾಳ. ಆಚಿ ಕಡಿ ಏನದ? ಒಂದು ಮನಿ ಇಲ್ಲ, ಒಂದು ದೀಪ ಇಲ್ಲ. ಹೆಣ್ಣುಹುಡುಗಿ... ಆ ಕತ್ತಲಾಗ ಒಬ್ಬಾಕಿ ನಿಂದ್ರಬೇಕಾ?"

ಅವನು ನೀರು ನೋಡಿದ, ನನ್ನ ಮುಖ ನೋಡಿದ.

"ಸ್ವಲ್ಪ ಮಲಗ್ತೀನಿ. ಆಕಿ ಕೂಗಿದ್ರ ನನ್ನ ಕರಿ. ಹ್ಯಾಂಗರ ಮಾಡಿ ತೆಪ್ಪ ಹಾಕಿ ಕರಕೊಂಡು ಬರ್ತೀನಿ. ಆದ್ರ..." ನನ್ನ ಬಲಗೈ ಹಿಡಿದು ತೆಪ್ಪದ ಅಂಚಿಗೆ ಒತ್ತಿದ. "ಈ ಕೈ ತಗಿಬ್ಯಾಡ." ಹುಟ್ಟನ್ನು ಹೆಗಲ ಮೇಲೆ ಹೊತ್ತು ಮನೆಗೆ ಹೋದ. ಹುಟ್ಟನ್ನು ಅವನು ಎಂದೂ ದಂಡೆಯಲ್ಲಿ ಬಿಡುತ್ತಿರಲಿಲ್ಲ.

ಕತ್ತಲಾಯಿತು. ಕೌದಿ ಹೊದ್ದು ಕೂತೆ. ನಾನೇ ಹೊಲಿದ ಕೌದಿ ಅದು. ಸುಜಾತಾ ಮೊದಲ ಸಲ ಶಾಲೆಗೆ ಹಾಕಿಕೊಂಡು ಹೋದ ಹಸಿರು ಲಂಗದ ತುಂಡೂ ಅದರ ನಡುವೆ ಇತ್ತು.

ಡಾಂಬರಿನ ವಾಸನೆ... ಒದ್ದೆ ತೊಗಲಿನ ವಾಸನೆ... ಅದರ ಒಳಗೆ ಇನ್ನೊಂದು ವಾಸನೆ ಬರತೊಡಗಿತು. ಬಹಳ ವರ್ಷ ಮುಚ್ಚಿಟ್ಟ ಬಾವಿಯ ಬಾಯಿ ತೆಗೆದರೆ ಬರುತ್ತದಲ್ಲ, ಅಂಥದ್ದು. ನೀರು ಜರ್... ಜರ್... ಅಂತ ಮರಳನ್ನು ಕೆರೆಯುತ್ತಿತ್ತು. ಕಪ್ಪೆಗಳು ಒದರುತ್ತಿದ್ದವು. ಆಮೇಲೆ, ಯಾರೋ ಕೈ ಮಾಡಿ ಸುಮ್ಮನಿರಿಸಿದ ಹಾಗೆ, ಎಲ್ಲ ಕಪ್ಪೆಗಳೂ ಒಟ್ಟಿಗೆ ನಿಂತುಬಿಟ್ಟವು.

ಆಗ ಕೇಳಿಸಿತು. ಆಚೆ ದಂಡೆಯಿಂದ.

"ಯವ್ವಾ... ಓ ಯವ್ವಾ..."

ನನ್ನ ಸುಜಾತಾ!

"ಬಂದೆ ತಂಗಿ! ನಿಂದ್ರು! ನೀರಿಗಿಳಿಬ್ಯಾಡ!" ಅಂತ ಗಂಟಲು ಹರಿಯುವಂತೆ ಕೂಗಿದೆ. ಗಾಳಿ ನನ್ನ ಮಾತನ್ನು ನನ್ನ ಮುಖಕ್ಕೇ ಎಸೆಯಿತು. "ತಿಮ್ಮಪ್ಪಾ!" ಅಂತ ಮನೆಯ ಕಡೆ ತಿರುಗಿ ಕೂಗಿದೆ. ಯಾರೂ ಬರಲಿಲ್ಲ. ಮತ್ತೆ ಆಚೆಯಿಂದ "ಯವ್ವಾ..." ಈ ಸಲ ಅಳುವ ದನಿ.

ಎದ್ದು ಹೋಗಿ ತಿಮ್ಮಪ್ಪನನ್ನು ಎಬ್ಬಿಸಬೇಕು. ಕೈ ತೆಗೆಯುವಂತಿಲ್ಲ. ಏನು ಮಾಡಲಿ?

ನಮ್ಮ ಕಡೆ ಕಣದಲ್ಲಿ ರಾಶಿ ಕಾಯುವವರು ನೀರು ಕುಡಿಯಲು ಎದ್ದರೆ ತಮ್ಮ ಹೊದಿಕೆಯನ್ನು ರಾಶಿಯ ಮೇಲೆ ಹಾಕಿ ಹೋಗುತ್ತಾರೆ. ಹೊದಿಕೆ ಇದ್ದರೆ ಆಳು ಇದ್ದ ಹಾಗೆ. ನಾನು ಎರೆಹೊಲದವಳು, ನನಗೆ ಹೊಳೆಯದು ಏನು ಗೊತ್ತು? ಮೈಮೇಲಿನ ಕೌದಿ ತೆಗೆದು ತೆಪ್ಪದೊಳಗೆ ಹಾಕಿದೆ. "ಇದು ನನ್ನ ಕೈ ಅಂತ ತಿಳ್ಕೋ" ಅಂದೆ. ಓಡಿದೆ.

ತಿಮ್ಮಪ್ಪ ಜ್ವರದ ಮಂಪರಿನಲ್ಲಿದ್ದ. ಅಲುಗಾಡಿಸಿದೆ. ಅವನು ಹುಟ್ಟು ಹಿಡಿದು ಎದ್ದ, ನರಸಮ್ಮ ಕಂದೀಲು ಹಿಡಿದಳು, ಮೂವರೂ ಬಂದೆವು.

ತೆಪ್ಪ ಇರಲಿಲ್ಲ.

ಮರಳಿನ ಮೇಲೆ ಅದನ್ನು ಎಳೆದ ಗುರುತು ಇತ್ತು. ನೀರು ಇನ್ನೂ ಅಲ್ಲಿಯವರೆಗೆ ಏರಿರಲಿಲ್ಲ.

"ಕೈ ತಗದ್ಯಾ?" ತಿಮ್ಮಪ್ಪನ ದನಿ ಸಣ್ಣಗಿತ್ತು.

"ನಿನ್ನ ಕರೀಲಿಕ್ಕ ಬಂದ್ನೆಪ್ಪಾ... ಕೌದಿ ಇಟ್ಟು ಬಂದೆ."

"ಯಾರ ಕೌದಿ?"

"ನಂದು. ನಾ ಹೊದಿಯೋದು."

ನರಸಮ್ಮ ಕಂದೀಲು ಕೆಳಗಿಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನೀನಽ ಹೊದಿಸಿ ಕಳಿಸಿದೆಲ್ಲವ್ವಾ..." ಅಂದಳು.

ನಾನು ನೀರಿಗೆ ಇಳಿಯುತ್ತಿದ್ದೆನೋ ಏನೋ, ಅವಳು ನನ್ನ ನಡು ಹಿಡಿದು ನಿಲ್ಲಿಸಿದಳು. ಆಚೆಯಿಂದ ಕೂಗು ಬರುತ್ತಿರಲಿಲ್ಲ. ಅಳುವೂ ಇಲ್ಲ. ನನ್ನ ಹುಡುಗಿ ನೀರಿಗೆ ಇಳಿದಳಾ? ಹೋದಳಾ?

ಆಗ... ಚಳಕ್... ಚಳಕ್...

ಹುಟ್ಟು ಹಾಕುವ ಸಪ್ಪಳ.

ನಾನು ತಿಮ್ಮಪ್ಪನ ಕಡೆ ನೋಡಿದೆ. ಅವನ ಹುಟ್ಟು ಅವನ ಕೈಯಲ್ಲೇ ಇತ್ತು. ಊರಲ್ಲಿದ್ದದ್ದು ಅದೊಂದೇ ತೆಪ್ಪ.

ಸೆಳವಿಗೆ ಅಡ್ಡಲಾಗಿ, ಒಂದು ಸುತ್ತೂ ತಿರುಗದೆ, ಗೆರೆ ಎಳೆದ ಹಾಗೆ ಬಂತು ತೆಪ್ಪ. ನಮ್ಮಿಂದ ಸ್ವಲ್ಪ ಕೆಳಗೆ, ಕಂದೀಲಿನ ಬೆಳಕು ಮುಟ್ಟದ ಕಡೆ ಮರಳಿಗೆ ತಾಗಿತು. ಜೊಂಡು ಸರಿದ ಸಪ್ಪಳವಾಯಿತು. ಆಮೇಲೆ ಕತ್ತಲಿನಿಂದ ಸುಜಾತಾ ನಡೆದು ಬಂದಳು. ಚೀಲ ಹೆಗಲಲ್ಲಿ, ಲಂಗದ ಅಂಚೂ ಒದ್ದೆಯಾಗಿಲ್ಲ. ನಗುತ್ತಿದ್ದಾಳೆ!

ಅವಳನ್ನು ಅಪ್ಪಿಕೊಂಡೆ. ಬದುಕಿದ್ದಾಳೆ, ಬೆಚ್ಚಗಿದ್ದಾಳೆ. ಅವಳ ಜಡೆಯಲ್ಲಿ ಮಾತ್ರ ಆ ಬಾವಿಯ ವಾಸನೆ.

"ಏನ್ ಯವ್ವಾ, ಕಳ್ಳಿ ನೀ! ತೆಪ್ಪ ಹಾಕೋದು ಯಾವಾಗ ಕಲ್ತಿ? ನನಗ ಹೇಳೇ ಇಲ್ಲ!" ಅಂದಳು. ಆಮೇಲೆ ನನ್ನ ಮೈ ನೋಡಿ ಹುಬ್ಬು ಗಂಟು ಹಾಕಿದಳು. "ಕೌದಿ ಎಲ್ಲಿ? ಈಗ ಹೊದ್ಕೊಂಡು ನನಗಿಂತ ಮೊದ್ಲು ಇಳದೆಲ್ಲ?"



ತಿಮ್ಮಪ್ಪ ಜೊಂಡಿನ ಕಡೆ ನೋಡುತ್ತಾ ಕೇಳಿದ. "ತಂಗಿ, ತೆಪ್ಪದಿಂದ ಇಳದೋರು ಎಷ್ಟು ಮಂದಿ?"

"ಇಬ್ರು. ನಾನು, ನಮ್ಮವ್ವ. ಯಾಕ ಕಾಕಾ?"

ಅವನು ತೆಪ್ಪ ಮೇಲೆಳೆದು ಬೋರಲು ಹಾಕಿದ. ಅದರೊಳಗೆ ಕೌದಿ ಇರಲಿಲ್ಲ. ಜೊಂಡಿನ ಕಡೆ ಕಂದೀಲು ಎತ್ತಿ ಹಿಡಿ ಅಂದರೆ ನರಸಮ್ಮ ಒಪ್ಪಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿಕೊಂಡ ಮೇಲೆ ತಿಮ್ಮಪ್ಪನ ಎದುರಿಗೇ ಸುಜಾತಾಳನ್ನು ಕೇಳಿದೆ. ಮುಖ ನೋಡಿದ್ಯಾ? ಕತ್ತಲು, ಕಾಣಲಿಲ್ಲ ಅಂದಳು. ಕೌದಿ ತಲೆಯ ಮೇಲಿಂದ ಹೊದ್ದಿತ್ತು, ಹಸಿರು ತುಂಡು ಕಂಡಿತು, ಅಷ್ಟೇ ಸಾಕಲ್ಲ ಅಂದಳು. ಕಾಲೇಜಿನಲ್ಲಿ ಮೇಷ್ಟ್ರು ಹೊಗಳಿದ್ದು, ಬಸ್ಸು ಕೆಟ್ಟು ತಡವಾದದ್ದು, ಎಲ್ಲ ಹೇಳುತ್ತಾ ಬಂದಳಂತೆ. ತಲೆ ನೇವರಿಸಿದೆನಂತೆ ನಾನು.

"ನಾ ಏನರ ಮಾತಾಡಿದ್ನಾ?"

"ಒಂದೇ ಮಾತು. ದಂಡಿ ಹತ್ರ ಬಂದಾಗ... ಕರದ್ರ ಬರ್ತೀಯಾ ಅಂದಿ."

"ನೀ ಏನಂದಿ?"

"ಏನಂತೀನಿ? ನೀ ಕರದ್ರ ಬರದೇ ಇರ್ತೀನೇನು ಯವ್ವಾ?"

ಅದು ನಾನಲ್ಲ ಅಂತ ಹೇಳಿದೆ. ಅವಳು ನಕ್ಕಳು. ತಮಾಷೆ ಸಾಕು ಅಂದಳು. ಮೊನ್ನೆಯವರೆಗೂ ಹಾಗೇ ಅನ್ನುತ್ತಿದ್ದಳು. ತೆಪ್ಪ ತಾನೇ ತೇಲಿ ಹೋಗಿತ್ತು ಅನ್ನೋಣವೆಂದರೆ, ತಂದವರಾರು? ಯಾರೋ ಪುಣ್ಯಾತ್ಗಿತ್ತಿ ದಾಟಿಸಿದಳು ಅನ್ನೋಣವೆಂದರೆ, ಮರುದಿನ ಇಡೀ ನಡುಗಡ್ಡೆ ಹುಡುಕಿದರೂ ಒಬ್ಬ ಹೊಸ ಹೆಂಗಸು ಇರಲಿಲ್ಲ. ಕೌದಿಯೂ ಸಿಗಲಿಲ್ಲ. ಓದು ಮುಗಿಸಿ ಹೊರಟ ದಿನ ತಿಮ್ಮಪ್ಪ ನಮ್ಮನ್ನು ದಾಟಿಸುತ್ತಾ ಇಷ್ಟೇ ಅಂದ: "ನಿನ್ನ ಮೊಮ್ಮಗಳನ್ನ ಮುಳುಗಿಸಲಿಲ್ಲ, ದಾಟಿಸ್ತು. ಅದಕ್ಕ ಕೈ ಮುಗಿ. ಆದ್ರ ಆಕಿ ಹೂಂ ಅಂದಾಳ... ಅದನ್ನ ಮರಿಬ್ಯಾಡ."

ಅವತ್ತಿನಿಂದ ಕತ್ತಲಾದ ಮೇಲೆ ನಾನು ಅವಳನ್ನು ಕೂಗಿ ಕರೆಯುವುದಿಲ್ಲ. ಊಟಕ್ಕೂ ಅಷ್ಟೇ. ಹತ್ತಿರ ಹೋಗಿ ಭುಜ ಮುಟ್ಟುತ್ತೇನೆ. "ರಾತ್ರಿ ಯಾರರ ನನ್ನ ದನಿಯಾಗ ಕರದ್ರ ಏಳಬ್ಯಾಡ, ನಾ ಬಂದು ಮುಟ್ಟಿದ್ರಷ್ಟೇ ಏಳು" ಅಂತ ಆಣೆ ಹಾಕಿಸಿಕೊಂಡಿದ್ದೇನೆ. ಕಾಲೇಜು ಕಲಿತವಳು, ಮುದುಕಿಯ ಸಮಾಧಾನಕ್ಕೆ ಹೂಂ ಅಂದಿದ್ದಾಳೆ. ಅವಳ ಹೂಂ ಎಷ್ಟು ಸಲೀಸು ಅಂತ ನನಗೆ ಗೊತ್ತು.

ಈಗ ಅವಳಿಗೆ ನೌಕರಿಯ ಆರ್ಡರ್ ಬಂದಿದೆ! ದೇವದುರ್ಗದಲ್ಲಿ! ಸರಕಾರದ ಕುರ್ಚಿಯ ಮೇಲೆ ನನ್ನ ಸುಜಾತಾ! ಕುಣಿಯಬೇಕು ಅನ್ನಿಸುತ್ತದೆ, ಕುಣಿದೂ ಬಿಟ್ಟೆ. ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾಳೆ. ನಾನೂ ಹೊರಟಿದ್ದೇನೆ. ಇಷ್ಟು ದಿನ ಬರಬೇಡ ಅನ್ನುತ್ತಿದ್ದವಳು, ಇವತ್ತು ಬೆಳಗಿನಿಂದ ಸುಮ್ಮನಿದ್ದಾಳೆ.

ಯಾಕೆಂದರೆ ನಿನ್ನೆ ರಾತ್ರಿ ನನಗೆ ಎಚ್ಚರವಾದಾಗ ಅವಳ ಹಾಸಿಗೆ ಖಾಲಿ ಇತ್ತು. ಹಿಂದಿನ ಬಾಗಿಲು ತೆರೆದಿತ್ತು. ಹಿತ್ತಿಲಿನಲ್ಲಿ ಬರಿಗಾಲಲ್ಲಿ ನಿಂತಿದ್ದಳು. ಹೋಗಿ ಭುಜ ಮುಟ್ಟಿದೆ. ಬೆಚ್ಚಿ ತಿರುಗಿದಳು. ನನ್ನನ್ನು ನೋಡಿದಳು, ಮತ್ತೆ ಕತ್ತಲಿನ ಕಡೆ ನೋಡಿದಳು.

"ಯವ್ವಾ... ನೀ ಮುಂದ ಹೊಂಟಿದ್ದೆಲ್ಲ? ಬಾ ಅಂತ ಕರದಿ. ಎದ್ದು ಬಂದೆ."

"ನಾ ಕರದಿಲ್ಲ ತಂಗಿ."

"ಕೌದಿ ಹೊದ್ದಿದ್ದಿ," ಅಂದಳು ಅವಳು, ಮೆಲ್ಲಗೆ. "ಆ ಹಳೇ ಕೌದಿ... ಹಸಿರು ತುಂಡಿಂದು. ಅದರಿಂದ ನೀರು ಸೋರಾಕತ್ತಿತ್ತು."