ಕದಿರಮ್ಮನ ಅಂಗಡಿಯ ಕಾನೂನು

ಬೆಳಗಿನ ಐದೂಮುಕ್ಕಾಲು. ಚಿನ್ನದ ಗಣಿ ಇನ್ನೂ ನಡೆಯುತ್ತಿರುವ ಕಾಲ; ಗಣಿ ಊರು ಕೋರಮಂಡಲ್‌ನಲ್ಲಿ ಪಾಳಿಯ ಸೈರನ್ ಇನ್ನೂ ಕೂಗಿಲ್ಲ. ರಸ್ತೆ ಬದಿಯ ತಗಡಿನ ಶೆಡ್ಡಿನ ಮುಂದೆ ಕದಿರಮ್ಮ ಕುಕ್ಕರುಗಾಲಲ್ಲಿ ಕೂತು, ಸೈಕಲ್ ಟ್ಯೂಬನ್ನು ನೀರಿನ ಬಾಣಲೆಯಲ್ಲಿ ಅದ್ದಿ ಗುಳ್ಳೆ ಹುಡುಕುತ್ತಿದ್ದಾರೆ. ಪಂಕ್ಚರ್ ಹಾಕುವ ಹೆಂಗಸು ಈ ಕಡೆ ಇವರೊಬ್ಬರೇ.

ಪಾಳಿಗೆ ಹೊರಟ ಗಣಿ ಕಾರ್ಮಿಕ ಕುಪ್ಪುಸ್ವಾಮಿ ಸೈಕಲ್ ನಿಲ್ಲಿಸುತ್ತಾರೆ.

“ಅಕ್ಕಾ, ಒಂದು ಸೊಲ್ಯೂಷನ್ ಕೊಡು. ಸಾಯಂಕಾಲ ಮನೇಲೇ ಅಂಟಿಸ್ಕೊಂತೀನಿ.”

“ಮಾರಾಕಿಲ್ಲಪ್ಪ. ಸೈಕಲ್ ಬುಟ್ಟೋಗು, ನಾನೇ ಆಕ್ಕೊಡ್ತೀನಿ.”

“ನಿನ್ನ ಅಂಟೇನು ಗಣಿ ಚಿನ್ನಾನಾ?”

“ಚಿನ್ನ ಆಗಿದ್ರೆ ಕೊಟ್ಬುಡ್ತಿದ್ದೆ, ಓಗು.”

ಕುಪ್ಪುಸ್ವಾಮಿ ಎದುರಂಗಡಿಗೆ ಹೋಗುತ್ತಾರೆ. ಕದಿರಮ್ಮ ಮತ್ತೆ ಬಾಣಲೆಗೆ ಬಗ್ಗಿ, ಅವರ ಬಗ್ಗೆ ಬರೆಯಲು ಬಂದಿರುವ ನನ್ನೊಡನೆ ಮಾತು ಮುಂದುವರಿಸುತ್ತಾರೆ.

ಕ್ಯಾಸಂಬಳ್ಳಿಯಿಂದ ಮದುವೆಯಾಗಿ ಬಂದವರು. ಕೆಲಸ ಕಲಿಸಿದ ಗಂಡ ತೀರಿಕೊಂಡು ಒಂಬತ್ತು ವರ್ಷ. ಅವರಿಗೆ ಉಳಿದವನು ಒಡಹುಟ್ಟಿದ ತಮ್ಮ ಕೋದಂಡಪ್ಪ, ಗಣಿಯಲ್ಲಿ ಕೆಲಸಕ್ಕಿದ್ದವನು. ಇಲ್ಲಿ ಗಣಿ ಕಾರ್ಮಿಕರ ಲೈನ್ ಮನೆಗಳವರು ತಮ್ಮ ಪಂಕ್ಚರ್ ತಾವೇ ಹಾಕಿಕೊಳ್ಳುವುದು ರೂಢಿ. ಅಕ್ಕಪಕ್ಕದವರಿಗೆ ಹಾಕಿಕೊಡುತ್ತೇನೆಂದು ಅವನು ದಿನಾ ಸಂಜೆ ಎರಡು ಸೊಲ್ಯೂಷನ್ ಒಯ್ಯುತ್ತಿದ್ದ.

“ಪುಣ್ಯದ ಕೆಲ್ಸ ಅಂದ್ಕೊಂಡು ನನ್ ಕೈಯಾರೆ ಕೊಟ್ನಲ್ಲಮ್ಮ! ಒಂದಿನ ಹಿತ್ತಲಲ್ಲಿ ನೋಡಿದ್ರೆ ಅಂಟು ಮೆತ್ತಿದ್ ಬಟ್ಟೆ ಮೂಗಿಗಿಟ್ಕೊಂಡು ನಶೇಲವ್ನೆ. ನಾನ್ಯಾರು ಅಂತ್ಲೇ ತಿಳೀಲಿಲ್ಲ ಅವ್ನಿಗೆ.”

ಕೋದಂಡಪ್ಪನ ಕೆಲಸ ಹೋಯಿತು. ಕದಿರಮ್ಮ ಪೊಲೀಸ್ ಠಾಣೆಗೆ ಹೋದರು. “ಕಳ್ಳಸಾರಾಯಿ, ಗಾಂಜಾ ಆಗಿದ್ರೆ ಒಳಗಾಕ್ತಿದ್ವಿ, ಸೈಕಲ್ ಅಂಟು ಮೂಸಿದ್ದಕ್ಕೆ ಯಾವ ಸೆಕ್ಷನ್ ಹಾಕೋದಮ್ಮ ಅಂದ್ರು.” ಬಂಗಾರಪೇಟೆಗೆ ಬಸ್ಸಿನಲ್ಲಿ ಹೋಗಿ, ಇದಕ್ಕೊಂದು ಕಾನೂನು ಮಾಡಿ ಎಂದು ತಾಲ್ಲೂಕು ಕಚೇರಿಗೆ ಮೂರು ಸಲ ಅರ್ಜಿ ಕೊಟ್ಟಿದ್ದಾರೆ. ಉತ್ತರ ಬಂದಿಲ್ಲ.

ಅಂದಿನಿಂದ ಅವರ ಅಂಗಡಿಯಿಂದ ಸೊಲ್ಯೂಷನ್ ಹೊರಗೆ ಹೋಗುವುದಿಲ್ಲ. ಖಾಲಿಯಾದ ಸೊಲ್ಯೂಷನ್ ಟ್ಯೂಬನ್ನೂ ಸೀಳಿ, ಒಳಗಿನ ಅಂಟು ಕೆರೆದೇ ಬಿಸಾಡುತ್ತಾರೆ. ದಿನಕ್ಕೆ ಇಪ್ಪತ್ತು ಬರುತ್ತಿದ್ದ ಸೈಕಲ್ಲುಗಳು ಈಗ ಏಳೆಂಟು. ಹರಟೆಗೆ ಕೂರುತ್ತಿದ್ದವರೂ ಬರುವುದಿಲ್ಲ, ಬೆಂಚು ಖಾಲಿ. ಕದಿರಮ್ಮ ಕಾಲಿಗೆ ಬಿದ್ದು ಬೇಡಿದ್ದರಿಂದ ಎದುರಂಗಡಿಯವರು ಕೋದಂಡಪ್ಪನಿಗೆ ಮಾತ್ರ ಕೊಡುವುದಿಲ್ಲ, ಉಳಿದವರಿಗೆ ಕೊಡುತ್ತಾರೆ.

ಕೋದಂಡಪ್ಪ ಈಗ ಚೇತರಿಸಿಕೊಂಡಿದ್ದಾನೆ. ಆದರೆ ಅಕ್ಕನೊಡನೆ ಮಾತು ಬಿಟ್ಟು ಎರಡು ವರ್ಷ. ಬಡಿಸಿದ ಮುದ್ದೆ ಉಂಡು, ತಟ್ಟೆ ತೊಳೆದಿಟ್ಟು, ಗೋಡೆಯ ಕಡೆ ತಿರುಗಿ ಮಲಗುತ್ತಾನೆ.

ಕಾನೂನು ಬಂದರೆ ನಿಮಗೇನು ಸಿಗುತ್ತದೆ ಎಂದು ಕೇಳುತ್ತೇನೆ. ಅವರು ಕೈಯ ಅಂಟನ್ನು ಉಜ್ಜಿ ಉಜ್ಜಿ ತೆಗೆಯುತ್ತಾರೆ.

“ಈಗ ಅವ್ನ ಪಾಲಿಗೆ ಬ್ಯಾಡ ಅಂದೋಳು ನಾನೊಬ್ಳೇ. ಸರ್ಕಾರವೇ ಬ್ಯಾಡ ಅಂದ್ರೆ, ಸಿಟ್ಟು ಮಾಡ್ಕೊಳ್ಳಾಕೆ ಇನ್ನೊಬ್ರು ಸಿಕ್ತಾರಲ್ಲಮ್ಮ. ಆವಾಗ ನನ್ನ ಒಂದ್ಸಲನಾದ್ರೂ ಅಕ್ಕ ಅಂತಾನೇನೋ.”